ಕತ್ತೆ ಸಾಯುವ ಪುಟ

ಪುಸ್ತಕಗಳಿಗೆ ರಟ್ಟು ಕಟ್ಟುವುದೇ ಕಸುಬಾದ್ದರಿಂದ ಬೀದಿಯವರೆಲ್ಲ ಅವನನ್ನು ರಟ್ಟಣ್ಣ ಎನ್ನುತ್ತಿದ್ದರು. ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಅಂಟು ಕುದಿಸಲು ಕೂತವನು, ಮೂವತ್ತು ವರ್ಷಗಳಲ್ಲಿ ಎಷ್ಟೋ ಪುಸ್ತಕಗಳ ಬೆನ್ನು ನೆಟ್ಟಗೆ ಮಾಡಿದ್ದ. ಕೈ ಎಷ್ಟು ನಯವೋ ಬಾಯಿ ಅಷ್ಟೇ ಒರಟು.

ಒಂದು ಮಧ್ಯಾಹ್ನ ಮಗಳ ಶಾಲೆಯ ಮುಖ್ಯೋಪಾಧ್ಯಾಯಿನಿ ಅವನನ್ನು ಶಾಲೆಗೆ ಕರೆಸಿ, ಅಲ್ಲಿನ ಲೈಬ್ರರಿಯ ಹೊಲಿಗೆ ಸಡಿಲಾದ ಕಥೆಪುಸ್ತಕವೊಂದನ್ನು ಅವನ ಕೈಗಿಟ್ಟರು.

"ಕೊನೇ ಎಂಟು ಪುಟ ತೆಗೆದು, ಗೊತ್ತಾಗದ ಹಾಗೆ ಹೊಲಿದುಕೊಡಿ. ಮುದಿ ಕತ್ತೇನ ಯಜಮಾನ ಬೀದಿಗೆ ಬಿಡ್ತಾನೆ, ಅದು ಸಾಯುತ್ತೆ. ಮಕ್ಕಳು ಓದೋ ಕಥೆಯಾ ಇದು? ದೂರು ಬಂದಿದೆ."

"ಯಾರು ಮೇಡಂ ದೂರು ಕೊಟ್ಟೋರು? ಕರೆಸಿ ಇಲ್ಲಿಗೆ!"

"ನಿಮ್ಮ ಮನೆಯವರೇ."

ರಟ್ಟಣ್ಣನ ಮೈಯೆಲ್ಲ ಉರಿಯಿತು. ದಾಪುಗಾಲು ಹಾಕಿಕೊಂಡು ಮನೆಗೆ ಬಂದವನೇ, ಮುಂದಿನ ಕೋಣೆಯಲ್ಲಿ ಹಾಳೆ ಮಡಿಸುತ್ತಿದ್ದ ಹೆಂಡತಿಯ ಎದುರು ಪುಸ್ತಕ ಕುಕ್ಕಿದ.

"ಹರಿದಿದ್ದನ್ನ ಹೊಲಿಯೋನು ಕಣೇ ನಾನು! ನನ್ನ ಕೈಲೇ ಪುಸ್ತಕ ಹರಿಸ್ತೀಯಾ? ಒಂದು ಮಾತು ಹೇಳೋಕೆ ನಾಲಿಗೆ ಬಿದ್ದುಹೋಗಿತ್ತಾ?"

"ಕೂಗಾಡ್ಬೇಡ್ರೀ. ಮಗು ಮೂರು ದಿನದಿಂದ ಸರಿಯಾಗಿ ಉಂಡಿಲ್ಲ, ಗೊತ್ತಾ ನಿಮಗೆ? ಕತ್ತೆ ಕತ್ತೆ ಅಂತ ಅಳುತ್ತೆ. ರಟ್ಟು ಬಿಟ್ರೆ ಈ ಮನೇಲಿ ನಿಮ್ಮ ಕಣ್ಣಿಗೆ ಬೇರೆ ಏನು ಬೀಳುತ್ತೆ?"

ಗೊತ್ತಿರಲಿಲ್ಲ. ರಟ್ಟಣ್ಣ ಕೂತು ಬ್ಲೇಡಿನಿಂದ ಹೊಲಿಗೆ ಬಿಚ್ಚಿದ. ಮಗಳು ಉಣ್ಣುವುದಾದರೆ ಎಂಟೇನು, ಎಂಬತ್ತು ಪುಟ ಹೋದರೂ ಹೋಗಲಿ.

ಆದರೆ ಕೊನೆಯ ಹಾಳೆಗಳನ್ನು ಮುಟ್ಟಿದ್ದೇ ಕೈ ನಿಂತಿತು. ಮಿಕ್ಕವು ಗರಿಗರಿಯಾಗಿದ್ದವು. ಇವು ಮಾತ್ರ ಉಟ್ಟು ಉಟ್ಟು ಸವೆದ ಬಟ್ಟೆಯಂತೆ ಮೆತ್ತಗಾಗಿದ್ದವು. ಅಂಚಿನ ತುಂಬ ಪುಟ್ಟ ಬೆರಳುಗಳ ಕೊಳೆ. ಒಂದು ಮಗುವಿನದಲ್ಲ, ಹತ್ತಾರು ಮಕ್ಕಳದು.

"ಇಲ್ನೋಡೇ. ಬೇಡದ ಪುಟಾನ ಯಾರಾದ್ರೂ ಇಷ್ಟು ಸಲ ತಿರುವಿ ಹಾಕ್ತಾರಾ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಮಗಳು ಶಾಲೆಯಿಂದ ಬಂದಳು. ಬಿಡಿಬಿಡಿಯಾಗಿ ಬಿದ್ದ ಹಾಳೆಗಳನ್ನು ಕಂಡು ಚೀಲ ಅಲ್ಲೇ ಎಸೆದಳು.

"ಅಪ್ಪಾ! ಕತ್ತೇನ ಯಾಕೆ ಕಿತ್ತೆ?"

"ಓದಿದ್ರೆ ಅಳ್ತೀಯಲ್ಲ ಪುಟ್ಟಿ," ಎಂದಳು ತಾಯಿ. "ಅಳು ಬರುತ್ತೆ ಅಂತ ಗೊತ್ತಿದ್ದೂ ದಿನಾ ಅದನ್ನೇ ಯಾಕೆ ತೆಗೀತೀಯಾ?"

"ಅದು ಸಾಯುವಾಗ ಪಕ್ಕದಲ್ಲಿ ಯಾರೂ ಇರಲ್ಲಮ್ಮ. ಅದಕ್ಕೇ ನಾನು ಹೋಗಿ ಕೂತ್ಕೋತೀನಿ."

ತಾಯಿ ಗಂಡನ ಕೈಯಿಂದ ಆ ಹಾಳೆಗಳನ್ನು ತೆಗೆದುಕೊಂಡು, ಅಂಚು ಸರಿಮಾಡಿ, ಸೂಜಿಗೆ ದಾರ ಪೋಣಿಸಿದಳು.

"ಮೇಡಂಗೆ ನಾನು ಏನು ಹೇಳಲಿ?" ಎಂದ ರಟ್ಟಣ್ಣ.

"ದೂರು ಕೊಟ್ಟೋಳು ನಾನು, ನಾನೇ ಹೋಗಿ ಹೇಳ್ತೀನಿ. ನೀವು ಬಂದ್ರೆ ಅಲ್ಲೂ ಗಂಟಲು ಹರ್ಕೋತೀರಿ."

ಮಗಳು ಅಮ್ಮನಿಗೆ ಒತ್ತಿಕೊಂಡು ಕೂತು, ಕತ್ತೆಯ ಪುಟದ ಮೇಲೆ ಬೆರಳಿಟ್ಟಳು.

"ಇಲ್ಲಿ ಎರಡೆಳೆ ಹಾಕಮ್ಮ. ಎಲ್ರೂ ಇಲ್ಲೇ ತೆಗೆಯೋದು."