ಕಾರಂಜಿಯಲ್ಲಿ ಮಿಂದ ಫೋರ್ಮನ್ನರು

ನಮ್ಮ ಫೋರ್ಮನ್ನರ ಕೆಳತುಟಿ ಯಾವಾಗಲೂ ಒಂದು ಕಡೆಗೆ ಜೋತಿರುತ್ತಿತ್ತು, ಹಾಗಲಕಾಯಿ ಕಚ್ಚಿ ಉಗುಳುವುದಕ್ಕೆ ಜಾಗ ಹುಡುಕುತ್ತಿರುವವರ ಹಾಗೆ. ಮೂಗಿನ ಎರಡೂ ಬದಿಗೆ ಆಳವಾದ ಗೆರೆಗಳಿದ್ದವು. ನಕ್ಕಾಗಲೂ ಅವು ಮಾಯವಾಗುತ್ತಿರಲಿಲ್ಲ. ಅವರ ಬಾಯಲ್ಲಿ ಸದಾ ಸಿದ್ಧವಾಗಿರುತ್ತಿದ್ದ ಮಾತೆಂದರೆ ‘ಥೂ’. ಕುವೈತಿನ ಶುವೈಖ್‌ನಲ್ಲಿದ್ದ ನಮ್ಮ ಏಸಿ ವರ್ಕ್‌ಶಾಪಿನಲ್ಲಿ ಯಾರಾದರೂ ಗ್ರೀಸು ಮೆತ್ತಿದ ಕೈಯಲ್ಲೇ ಖುಬ್ಬೂಸ್ ರೊಟ್ಟಿ ಮುರಿದರೆ ಥೂ. ನಾನು ಲೋಟ ಕಚ್ಚಿ ನೀರು ಕುಡಿದರೂ ಥೂ. ಗದಗಿನ ಕಡೆಯ ಆ ಮನುಷ್ಯನಿಗೆ ಹೇಸಿಗೆಯಾಗದ ವಸ್ತು ಕುವೈತಿನಲ್ಲಿ ಯಾವುದೂ ಇದ್ದಂತಿರಲಿಲ್ಲ. ಅಬ್ಬಾಸಿಯಾದ ಒಂದೇ ಕೋಣೆಯಲ್ಲಿ ಅವರು, ನಾನು ಮತ್ತು ನಮ್ಮ ಕಂಪನಿಯ ಅಕೌಂಟೆಂಟ್ ಮೂವರೂ ಇದ್ದೆವು. ಬಚ್ಚಲಿಗೆ ಅವರು ಹೋಗಿ ಬಂದ ಮೇಲೆ ನಾವು ಹೋಗಬೇಕು, ನಾವು ಹೋಗಿ ಬಂದ ಮೇಲೆ ಅವರು ಮತ್ತೆ ತೊಳೆಯಬೇಕು. ಮೈಸೂರಿನಿಂದ ಆಗಷ್ಟೇ ಬಂದಿದ್ದ ನನಗೆ ಅವರನ್ನು ಕಂಡರೆ ತಲೆ ಚಿಟ್ಟು ಹಿಡಿಯುತ್ತಿತ್ತು.

ತೊಂಬತ್ತರ ಚಳಿಗಾಲ ಮುಗಿಯುವ ಹೊತ್ತಿಗೆ ಕಂಪ್ರೆಸರ್ ತಯಾರಿಸುವ ಜಪಾನಿನ ಕಂಪನಿಯವರು ಫೋರ್ಮನ್ನರನ್ನೂ ನನ್ನನ್ನೂ ತರಬೇತಿಗೆಂದು ಯೊಕೊಹಾಮಾಕ್ಕೆ ಕರೆಸಿಕೊಂಡರು. ಇಳಿಸಿದ್ದು ಬಂದರಿನ ಎದುರಿಗಿದ್ದ ಹಳೆಯ ಹೋಟೆಲಿನಲ್ಲಿ. ಹಿಂದೊಮ್ಮೆ ಊರನ್ನೇ ಕೆಡವಿದ ಭೂಕಂಪದ ನಂತರ ಕಟ್ಟಿದ್ದು, ಯುದ್ಧದ ಬಾಂಬಿಗೂ ಬೀಳದೆ ಉಳಿದಿದ್ದು ಎಂದು ಅಲ್ಲಿಯವರಿಗೆ ಅದರ ಮೇಲೆ ಬಹಳ ಅಭಿಮಾನ. ಒಳಗೆ ಕಾಲಿಟ್ಟರೆ ನೀಲಿ ಜಮಖಾನೆ ಹಾಸಿದ ಅಗಲವಾದ ಮೆಟ್ಟಿಲು. ಫೋರ್ಮನ್ನರು ಅಲ್ಲಿನ ಒಂದು ತುತ್ತನ್ನೂ ಬಾಯಿಗಿಡಲಿಲ್ಲ. ಸೂಟ್‌ಕೇಸಿನಲ್ಲಿ ಕಟಿರೊಟ್ಟಿ, ಶೇಂಗಾ ಚಟ್ನಿಪುಡಿ ತುಂಬಿಕೊಂಡು ಬಂದಿದ್ದರು.

ರಜೆಯ ದಿನ ನಮ್ಮ ಉಸ್ತುವಾರಿಯಲ್ಲಿದ್ದ ಜಪಾನಿ ಇಂಜಿನಿಯರ್ ಊರು ತೋರಿಸಲು ಬಂದರು. ನಡುವಯಸ್ಸಿನ ಸಣ್ಣ ಆಳು, ಕನ್ನಡಕ, ರಜೆಯ ದಿನವೂ ಟೈ. ಹೋಟೆಲಿನ ಎದುರು ರಸ್ತೆ ದಾಟಿದರೆ ಸಮುದ್ರದ ದಂಡೆಯುದ್ದಕ್ಕೂ ಉದ್ಯಾನ, ನಡುವೆ ಕಾರಂಜಿ. ಅಲ್ಲೇ ದಡಕ್ಕೆ ಕಟ್ಟಿಹಾಕಿದ್ದ ಹಳೇ ಹಡಗು. ಟಿಕೆಟ್ ಕೊಂಡು ಹತ್ತಿ ಇಳಿದೆವು. “ಸತ್ತ ಹಡಗಕ್ಕ ಬಣ್ಣಾ ಹಚ್ಚಿ ರೊಕ್ಕಾ ಗಳಸ್ತಾರ, ಥೂ” ಎಂದರು ಫೋರ್ಮನ್ನರು. ಚೀನೀಯರ ಪೇಟೆಯಲ್ಲಿ ಅಂಗಡಿಗಳ ಮುಂದೆ ಸುಟ್ಟ ಬಾತುಗಳನ್ನು ಕತ್ತು ಸಮೇತ ತೂಗುಹಾಕಿದ್ದರು. ಫೋರ್ಮನ್ನರು ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಕಣ್ಣು ನೆಲಕ್ಕೆ ನೆಟ್ಟು ಆ ಪೇಟೆ ದಾಟಿದರು. ಇಂಜಿನಿಯರ್ ಮಾತ್ರ ಪ್ರತಿ ಕಟ್ಟಡದ ಚರಿತ್ರೆಯನ್ನೂ ತಾಳ್ಮೆಯಿಂದ ಹೇಳುತ್ತಲೇ ಇದ್ದರು.

ಕೊನೆಗೆ ಒಂದು ಗುಡ್ಡ ಹತ್ತಿಸಿದರು. ಮರಗಳ ನೆರಳು, ಕೆಳಗೆ ಇಡೀ ಬಂದರು ಕಾಣುತ್ತದೆ, ಸೊಗಸಾದ ಜಾಗ. ಸುತ್ತಲೂ ಶಿಲುಬೆಗಳು, ಹೆಸರು ಕೊರೆದ ಕಲ್ಲುಗಳು. ಹಿಂದಿನ ಕಾಲದಲ್ಲಿ ಬಂದು ಇಲ್ಲೇ ತೀರಿಹೋದ ಪರದೇಶದವರ ಸ್ಮಶಾನವಂತೆ, ಪ್ರವಾಸಿಗಳೆಲ್ಲ ನೋಡಲೇಬೇಕಾದದ್ದಂತೆ.

“ತಮ್ಮಾ, ಇದು ಸುಡಗಾಡ ಅಲ್ಲೇನು?” ಫೋರ್ಮನ್ನರು ನನ್ನ ತೋಳು ಹಿಡಿದರು.

“ಹೌದು ಸಾರ್. ಹಳೇದು.”

“ಮನಿಗೆ ಬಂದ ಬೀಗರಿಗೆ ಸುಡಗಾಡ ತೋರಸ್ತಾರಲ್ಲೋ! ಎಂಥಾ ಮಂದಿ ಇದು!”

ಅವರು ನಮಗಿಂತ ಮುಂದಾಗಿ ಗುಡ್ಡ ಇಳಿದರು. ಹೋಟೆಲಿನ ಬಾಗಿಲಿಗೆ ಬಂದವರು ಹಠಾತ್ತನೆ ನಿಂತರು. ಸುಡುಗಾಡಿಗೆ ಹೋಗಿ ಬಂದು ಮೀಯದೆ ಒಳಗೆ ಬರಲಾರೆ, ಕೋಣೆಯಲ್ಲಿ ದೇವರ ಫೋಟೋ ಇದೆ ಎಂದರು.

“ರೂಮಲ್ಲೇ ಬಾತ್‌ರೂಮ್ ಇದೆಯಲ್ಲ ಸಾರ್.”

“ಹೊಸ್ತಿಲಾ ದಾಟಿದ ಮ್ಯಾಲೆ ಮಿಂದ್ರ ಏನ್ ಬಂತು?”

ಅಷ್ಟು ಹೇಳಿ ಸರಸರನೆ ರಸ್ತೆ ದಾಟಿದರು. ಚಪ್ಪಲಿ ಬಿಟ್ಟರು, ಉಟ್ಟ ಬಟ್ಟೆಯಲ್ಲೇ ಕಾರಂಜಿಯ ಕಟ್ಟೆಗೆ ಬಗ್ಗಿ ಬೊಗಸೆ ಬೊಗಸೆ ನೀರು ತಲೆಗೆ ಸುರಿದುಕೊಳ್ಳತೊಡಗಿದರು. ಬಾಯಲ್ಲಿ ಏನೋ ಮಂತ್ರ. ಪಕ್ಕದ ಬೆಂಚಿನಲ್ಲಿದ್ದ ಮುದುಕ ಮುದುಕಿ ಎದ್ದು ದೂರ ಹೋಗಿ ಕೂತರು. ಮಕ್ಕಳು ಕೈ ತೋರಿಸಿ ನಕ್ಕವು. ನನಗೆ ಮೈಯೆಲ್ಲ ಉರಿದು ಹೋಯಿತು. ಜನ್ಮದಲ್ಲಿ ಅಷ್ಟು ಅಸಹ್ಯ ಎಂದೂ ಪಟ್ಟಿರಲಿಲ್ಲ, ಈ ಮನುಷ್ಯ ಯಾರೋ ನನಗೆ ಗೊತ್ತಿಲ್ಲ ಎಂದುಬಿಡೋಣ ಎನ್ನಿಸಿತು.

ಇಂಜಿನಿಯರ್ ಏನಾಯಿತೆಂದು ಕೇಳಿದರು. ನನ್ನ ಹರಕು ಇಂಗ್ಲಿಷಿನಲ್ಲಿ ವಿವರಿಸಿದೆ. ತಮ್ಮಲ್ಲಿಯೂ ಸಾವಿನ ಮನೆಯಿಂದ ಬಂದರೆ ಬಾಗಿಲಲ್ಲೇ ಮೈಮೇಲೆ ಉಪ್ಪು ಎರಚಿಕೊಳ್ಳುತ್ತಾರೆ, ತಮಗೆ ಇದು ಹೊಳೆಯಬೇಕಿತ್ತು ಎಂದರು ಅವರು. ಆಮೇಲೆ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು, ಕಾರಂಜಿಯ ಬಳಿ ಮಂಡಿಯೂರಿ, ಕೋಟು ಟೈ ಸಮೇತ ತಾವೂ ತಲೆಗೆ ನೀರು ಸುರಿದುಕೊಂಡರು. ಇಬ್ಬರೂ ನೀರು ತೊಟ್ಟಿಕ್ಕಿಸುತ್ತ ನೀಲಿ ಜಮಖಾನೆಯ ಮೇಲೆ ನಡೆದರು. ಹೋಟೆಲಿನವನು ಓಡಿ ಬಂದಾಗ ಇಂಜಿನಿಯರ್ ಸೊಂಟದವರೆಗೆ ಬಾಗಿ, ತಪ್ಪು ತನ್ನದು, ಅತಿಥಿಗಳನ್ನು ಕರೆದೊಯ್ಯಬಾರದ ಕಡೆ ತಾನೇ ಕರೆದೊಯ್ದೆ ಎಂದು ಕ್ಷಮೆ ಕೇಳಿದರಂತೆ.

ಆ ದಿನ ಫೋರ್ಮನ್ನರು ಅವರನ್ನು ಕೋಣೆಗೆ ಕರೆದು ರೊಟ್ಟಿ ಚಟ್ನಿ ಕೊಟ್ಟರು. ಖಾರಕ್ಕೆ ಅವರ ಕಣ್ಣಲ್ಲಿ ನೀರು ಬಂತು. ಆದರೂ ಕೊಟ್ಟದ್ದನ್ನು ಮುಗಿಸಿದರು.

ಅದೇ ಇಂಜಿನಿಯರ್ ಜುಲೈ ಕೊನೆಗೆ ಕುವೈತ್ ಸಿಟಿಯ ಒಂದು ಕಟ್ಟಡದ ಏಸಿ ಕೆಲಸಕ್ಕೆಂದು ಬಂದಿಳಿದರು. ಆಗಸ್ಟಿನಲ್ಲಿ ಇರಾಕಿನವರು ನುಗ್ಗಿದರು. ಆ ದಿನಗಳನ್ನು ನೆನೆದರೆ ನನಗೆ ಈಗಲೂ ಓಕರಿಕೆ ಬರುತ್ತದೆ, ಅದೂ ಬರೀ ಸೈನಿಕರಿಂದಾಗಿ ಅಲ್ಲ. ಒಡೆದ ಅಂಗಡಿಗಳಿಂದ ಹೊತ್ತು ತಂದ ಸಾಮಾನನ್ನು ಅಬ್ಬಾಸಿಯಾದ ರಸ್ತೆ ಬದಿಯಲ್ಲಿ ಹರಡಿಕೊಂಡು, ಕೂಗಿ ಕೂಗಿ ಮಾರಿದವರಲ್ಲಿ ನಮ್ಮವರೂ ಇದ್ದರು. ಕೊಂಡವರಲ್ಲಂತೂ ಇನ್ನೂ ಹೆಚ್ಚು. ನಮ್ಮ ಅಕೌಂಟೆಂಟೇ ಒಂದು ಸಂಜೆ ದೊಡ್ಡ ಟೀವಿಯೊಂದನ್ನು ಹೊತ್ತು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ.

“ಯಾರದೋ ಇದು?” ಫೋರ್ಮನ್ನರು ಕೇಳಿದರು.

“ಎಲ್ರೂ ತಗೊಂಡು ಹೋಗ್ತಿದಾರೆ ಸಾರ್. ನಾವು ಬಿಟ್ರೆ ಇನ್ನೊಬ್ಬ ಒಯ್ತಾನೆ.”

“ಮಂದಿ ಉಗುಳಿದ್ದು ನೆಕ್ಕಿದಂಗ ಆತು. ಥೂ.”

ಮಾರನೆಯ ದಿನ ಫೋರ್ಮನ್ನರು ವರ್ಕ್‌ಶಾಪಿನ ಪಿಕಪ್‌ನಲ್ಲಿ ಜಪಾನಿ ಇಂಜಿನಿಯರನ್ನು ಕೋಣೆಗೆ ಕರೆತಂದರು. ಇಂಜಿನಿಯರ್ ಮೈಮೇಲೆ ನಮ್ಮ ಮೆಕ್ಯಾನಿಕ್‌ಗಳ ನೀಲಿ ಡ್ರೆಸ್ಸು, ತಲೆಗೆ ಸುತ್ತಿದ ಬಟ್ಟೆ. ಅಮೆರಿಕ, ಜಪಾನ್, ಯುರೋಪಿನವರೆಲ್ಲ ಹೋಟೆಲುಗಳಿಗೆ ಬಂದು ಶರಣಾಗಬೇಕು, ಅವರನ್ನು ಬಚ್ಚಿಟ್ಟವರಿಗೆ ನೇಣು ಎಂದು ಸಾರಿದ್ದ ಕಾಲ ಅದು. ಹೋದವರನ್ನು ಬಾಗ್ದಾದಿಗೆ ಒತ್ತೆಯಾಳಾಗಿ ಒಯ್ಯುತ್ತಿದ್ದರು.

ಅಕೌಂಟೆಂಟ್ ಓಡಿ ಹೋಗಿ ಬಾಗಿಲ ಚಿಲಕ ಹಾಕಿದ. “ಸಿಕ್ಕಿಬಿದ್ರೆ ಎಲ್ರೂ ಖಲಾಸ್ ಸಾರ್. ಇವರೇ ಹೋಗಿ ಹೋಟೆಲಲ್ಲಿ ಹೆಸರು ಕೊಡ್ಲಿ. ನನಗೆ ಊರಲ್ಲಿ ಚಿಕ್ಕ ಮಕ್ಕಳಿದಾರೆ.”

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾನೂ ಕಿಟಕಿಯಿಂದ ದೂರ ಸರಿದೆ.

“ನಿನ್ನ ಮಾತ ಖರೇ ಐತಿ” ಎಂದರು ಫೋರ್ಮನ್ನರು. “ಹೆದರಿಕಿ ನನಗೂ ಐತಿ. ಆದ್ರ ಅಂವಾ ಆ ಊರಾಗ ನನ್ನ ಸಂಗಾಟ ತೊಯ್ದಾನ. ಈಗ ನಾ ಒಣಗಿ ನಿಂತು ನೋಡ್ಲೇನು?”

ಅಕೌಂಟೆಂಟ್ ಅಂದೇ ಟೀವಿಯೊಂದಿಗೆ ಬೇರೆ ಕೋಣೆಗೆ ಹೋದ. ಯಾರ ಮುಂದೆಯೂ ಬಾಯಿ ಬಿಡಲಿಲ್ಲ, ಅಷ್ಟು ಪುಣ್ಯ. ಮುಂದಿನ ವಾರಗಳನ್ನು ಆ ಸೆಕೆಯಲ್ಲಿ, ಕಿಟಕಿಗೆ ಕಂಬಳಿ ಹೊಡೆದ ಕೋಣೆಯಲ್ಲಿ ನಾವು ಮೂವರೂ ಬೆವರು ನಾರುತ್ತ ಕಳೆದೆವು. ಹೊತ್ತು ಹೋಗದಿದ್ದಾಗ ಇಂಜಿನಿಯರ್ ಹೋಟೆಲ್ ಬಾಗಿಲಿನಿಂದ ಹೊರಟು ತಮ್ಮ ಊರನ್ನು ಮಾತಿನಲ್ಲೇ ಮತ್ತೆ ತೋರಿಸುತ್ತಿದ್ದರು, ಇಲ್ಲಿ ಉದ್ಯಾನ, ಇಲ್ಲಿ ಹಡಗು ಎಂದು. “ಡಕ್ ವೆರಿ ಬ್ಯಾಡ್!” ಎಂದು ಫೋರ್ಮನ್ನರು ಮೂಗು ಮುಚ್ಚುತ್ತಿದ್ದರು. ಇಬ್ಬರೂ ಸದ್ದಾಗದ ಹಾಗೆ ನಗುತ್ತಿದ್ದರು. ಹೊರಗೆ ಬೂಟಿನ ಸದ್ದಾದರೆ ಆ ನಗು ಅಲ್ಲಿಗೇ ನಿಲ್ಲುತ್ತಿತ್ತು.

ಸೆಪ್ಟೆಂಬರಿನಲ್ಲಿ ಭಾರತೀಯರಿಗೆ ಬಸ್ಸುಗಳು ಹೊರಟವು, ಬಸ್ರಾ, ಬಾಗ್ದಾದ್ ದಾಟಿ ಅಮ್ಮಾನ್‌ಗೆ. ಅಲ್ಲಿಂದ ವಿಮಾನ. ಜಪಾನಿನವರು ಆ ಬಸ್ಸು ಹತ್ತುವ ಹಾಗಿರಲಿಲ್ಲ. ಫೋರ್ಮನ್ನರು ತಾವೂ ಹತ್ತುವುದಿಲ್ಲ ಎಂದರು. ಅವರಿಗೆ ಸಕ್ಕರೆ ಕಾಯಿಲೆ, ಗುಳಿಗೆಯ ಡಬ್ಬಿ ತಳ ಕಂಡಿತ್ತು. ಬಂದುಬಿಡಿ ಎಂದು ಕೈಮುಗಿದು ಕೇಳಿಕೊಂಡೆ.

“ನಾ ಹೋದ್ರ ಇಂವಗ ಖುಬ್ಬೂಸ್ ತಂದು ಕೊಡೂದು ಯಾರು? ಹೊರಗ ಮಾರಿ ತೋರ್ಸಿದ್ರ ಹಿಡೀತಾರ.”

“ಗುಳಿಗೆ ಮುಗಿದ್ರೆ ಏನ್ ಮಾಡ್ತೀರಿ ಸಾರ್?”

“ತಿನ್ನಾಕ ಸಕ್ಕರೀನ ಎಲ್ಲಿ ಐತಿ ಇಲ್ಲಿ? ನೀ ಹೋಗು. ಹಿಂದ ಬರೂ ಬಸ್ಸಿನ್ಯಾಗ ಬರ್ತಾನ ಅಂತ ಮನಿಯಾಕಿಗೆ ಹೇಳು.”

ಗದಗಿಗೆ ಹೋಗಿ ಹಾಗೇ ಹೇಳಿದೆ.

ಮಾರನೇ ವರ್ಷ ಕುವೈತಿಗೆ ಮರಳಿದಾಗ ಇರಾಕಿನವರು ಓಡಿಹೋಗುವಾಗ ಬೆಂಕಿಯಿಟ್ಟ ಎಣ್ಣೆ ಬಾವಿಗಳ ಹೊಗೆಗೆ ಮಧ್ಯಾಹ್ನವೇ ಕತ್ತಲಾಗುತ್ತಿತ್ತು. ಉಗುಳಿದರೆ ಮಸಿ. ನಮ್ಮ ಕೋಣೆಯ ಕೆಳಗೆ ಅಂಗಡಿ ಇಟ್ಟು, ಊರಿಗೆ ಹೋಗದೆ ಉಳಿದಿದ್ದ ಮಲಯಾಳಿ ದರ್ಜಿ ಎಲ್ಲವನ್ನೂ ಹೇಳಿದ. ಗುಳಿಗೆ ಮುಗಿದ ಮೇಲೆ ಫೋರ್ಮನ್ನರ ಕಾಲಿನ ಸಣ್ಣ ಗಾಯ ಕೊಳೆಯಿತು. ಆಸ್ಪತ್ರೆಗಳಲ್ಲಿ ಮದ್ದಿರಲಿಲ್ಲ. ಮೆಟ್ಟಿಲಿನವರೆಗೂ ಬರುತ್ತಿದ್ದ ಆ ವಾಸನೆಯನ್ನು ಸಹಿಸಿಕೊಂಡು ಕೀವು ತೊಳೆದು ಬಟ್ಟೆ ಕಟ್ಟುತ್ತಿದ್ದವರು ಆ ಜಪಾನಿಯೇ. ಯಾರ ಎಂಜಲನ್ನೂ ಮುಟ್ಟದ ಮನುಷ್ಯ ತನ್ನ ಕಾಲಿಗೆ ತಾನೇ ಥೂ ಎನ್ನುತ್ತ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದರಂತೆ. ಚಳಿಗಾಲ ಶುರುವಾದಾಗ ಪರದೇಶದವರೆಲ್ಲ ಹೋಗಬಹುದು ಎಂದು ಇರಾಕಿನವರು ಬಿಟ್ಟರು. ಇಂಜಿನಿಯರ್ ಬಿಟ್ಟು ಹೋಗಲು ಒಪ್ಪಲಿಲ್ಲ. ಫೋರ್ಮನ್ನರು ಬೈದು ಅಟ್ಟಿದರು. ಅವರು ಹೋದ ಕೆಲವೇ ದಿನಗಳಲ್ಲಿ ಇವರು ತೀರಿಕೊಂಡರು.

ತ್ಯಾಗ, ದೊಡ್ಡ ಗುಣ ಎಂದು ಈ ಕತೆ ಕೇಳಿದವರು ನನ್ನ ಮುಂದೆ ತಲೆದೂಗುತ್ತಾರೆ. ನನಗೆ ಆ ಮಾತುಗಳೂ ಹೇಸಿಗೆ. ಒಂದು ಹಿಡಿ ಗುಳಿಗೆ ಸಿಗದೆ ಆ ಮನುಷ್ಯ ಕೊಳೆತು ಸತ್ತರು, ಆಗ ಅದೇ ಬೀದಿಯಲ್ಲಿ ಕದ್ದ ಟೀವಿ ಬೇಕಾದಷ್ಟು ಸಿಗುತ್ತಿದ್ದವು. ಯಾವುದಕ್ಕೆ ಅಸಹ್ಯಪಡಬೇಕು ಎಂಬುದನ್ನು ನಾನು ಕಲಿತದ್ದು ಅವರಿಂದ. ಆ ಋಣ ದೊಡ್ಡದು.

ರಜೆಗೆ ಬಂದಾಗ ಗದಗಿಗೆ ಹೋದೆ. ಸಾವಿನ ಸುದ್ದಿ ಅವರ ಹೆಂಡತಿಗೆ ಮೊದಲೇ ಮುಟ್ಟಿತ್ತು, ಯಾತಕ್ಕೆ ಉಳಿದರು ಎಂಬುದು ಮುಟ್ಟಿರಲಿಲ್ಲ. ಕಾರಂಜಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಆಕೆ ಅಳಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೇಳಿದರು.

“ಆ ಜಪಾನಿ ಮನಿ ಮುಟ್ಟಿದ್ನೇನ್ರಿ?”

“ಮುಟ್ಟಿದ್ರಮ್ಮ.”

“ಮದಿವಿ ಆಗೇತೇನು ಅವಂಗ?”

“ಆಗಿದೆ.”

ಅವರು ಬಾಗಿಲ ಕಡೆ ನೋಡಿದರು.

“ಹಂಗಾರ ಆಕೀ ಗಂಡ ಬಂದ” ಎಂದರು.