ಕಸ್ತೂರಿಬಾಯಾರು ಮತ್ತು ಗಂಗವ್ವನ ಆಡುಗಳು

ಶೇಂಗಾ ಕಟ್ಟಿಕೊಟ್ಟ ಕಾಗದವನ್ನು ಕಸ್ತೂರಿಬಾಯಾರು ಓದದೆ ಬಿಸಾಡಿದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಕಾಳನ್ನೆಲ್ಲ ಮಡಿಲಿಗೆ ಸುರುವಿಕೊಂಡು, ಕಾಗದವನ್ನು ಮೊಣಕಾಲ ಮೇಲೆ ಹಾಸಿ, ಅಂಗೈಯಿಂದ ಸವರಿ ಸುಕ್ಕು ಬಿಡಿಸಿ, ಕನ್ನಡಕ ಏರಿಸಿ ಓದಲು ಕೂರುತ್ತಿದ್ದರು. ಹಳೆಯ ಮರಾಠಿ ಪತ್ರಿಕೆಯ ಚೂರಿರಲಿ, ಯಾರದೋ ವಹಿಯ ಹಾಳೆಯಿರಲಿ, ಕೊನೆಯ ಅಕ್ಷರ ಮುಗಿದ ಮೇಲೆಯೇ ಮೊದಲ ಕಾಳು ಬಾಯಿಗೆ ಹೋಗುತ್ತಿತ್ತು. ಅಷ್ಟರಲ್ಲಿ ಮಡಿಲಿನ ಅರ್ಧ ಶೇಂಗಾ ನಾವು ಹುಡುಗಿಯರು ಖಾಲಿ ಮಾಡಿರುತ್ತಿದ್ದೆವು. ಅದು ಅವರಿಗೆ ಗೊತ್ತಿತ್ತು ಎಂದು ಈಗ ಅನಿಸುತ್ತದೆ.

ಚಪಳಗಾಂವದ ಆಚೆ ನಮ್ಮದೊಂದು ಸಣ್ಣ ಊರು. ಅಲ್ಲಿಯ ಕನ್ನಡ ಶಾಲೆಗೆ ಅವರು ದಿನಾ ಸೊಲ್ಲಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ನಮ್ಮ ಕಡೆ ಕಲಿಸುವ ಹೆಂಗಸರನ್ನು ಮರಾಠಿಯವರಂತೆ ಬಾಯಿ ಎಂದೇ ಕರೆಯುವುದು. ಆದರೆ ಕಸ್ತೂರಿಬಾಯಾರು ಮಾತು ಕಡಿಮೆಯ ಹೆಂಗಸು. ಎತ್ತರದ ಆಳು, ತೆಳ್ಳಗೆ, ಹೆಗಲಿಗೆ ಯಾವಾಗಲೂ ಒಂದು ಬಟ್ಟೆಯ ಚೀಲ. ಅದರಲ್ಲಿ ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ ಇರುತ್ತಿದ್ದದ್ದು ದಾರಿಯಲ್ಲಿ ಸಿಕ್ಕ ಕಾಗದಗಳು. ಸೊಲ್ಲಾಪುರದ ನವಿ ಪೇಠದ ಸೀರೆ ಅಂಗಡಿಗಳ ಜಾಹೀರಾತು, ಮದುವೆ ಪತ್ರಿಕೆ, ಚುನಾವಣೆಯ ಕರಪತ್ರ, ಔಷಧದ ಡಬ್ಬಿಯೊಳಗಿನ ಚೀಟಿ.

“ಬರದಾಂವ ಏನರ ಬೇಡತಿರತಾನ,” ಎನ್ನುತ್ತಿದ್ದರು. “ಒಬ್ಬಾಂವ ರೊಕ್ಕಾ ಬೇಡತಾನ, ಒಬ್ಬಾಂವ ಮತ ಬೇಡತಾನ. ಒಬ್ಬಾಂವಗ ಬರೇ ನಾವು ಹೌದಪಾ ಅಂದರ ಸಾಕಿರತದ. ಏನ್ ಬೇಡತಾನಂತ ಮದಲ ಹುಡುಕ್ರಿ. ಕೊಡೂದು ಬಿಡೂದು ಆಮ್ಯಾಲಿನ ಮಾತು.”

ಒಮ್ಮೆ ಒಂದು ಮದುವೆ ಪತ್ರಿಕೆಯನ್ನು ನಮ್ಮ ನಡುವೆ ಕೈಯಿಂದ ಕೈಗೆ ದಾಟಿಸಿ, ಇದನ್ನು ಬರೆಸಿದವರು ಯಾರು ಎಂದು ಕೇಳಿದರು. ವರನ ಅಪ್ಪ ಎಂದೆವು, ವಧುವಿನ ಅಪ್ಪ ಎಂದೆವು. ಹಿಂದಿನ ಸಾಲಿನ ಬಸ್ಯಾ ಬಹಳ ಹೊತ್ತು ನೋಡಿ, ವರನ ಕಾಕಾ ಎಂದ. ಯಾಕೆಂದರೆ ವಧೂವರರ ಹೆಸರಿಗಿಂತ ಕಾಕಾನ ಹೆಸರು ದಪ್ಪಗಿತ್ತು, ಅದರ ಕೆಳಗೆ ಅವನು ಹಿಡಿದಿದ್ದ ನಾಲ್ಕು ಪದವಿಗಳಿದ್ದವು. ಬಾಯಾರು ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಇನ್ನೊಂದು ದಿನ ಸ್ಟೂಲಿನ ಮೇಲೆ ಒಂದು ಬಿಂದಿಗೆ ಇಟ್ಟು, ಸುತ್ತ ನಮ್ಮನ್ನು ಕೂರಿಸಿ, ಕಂಡದ್ದನ್ನು ಬರೆಯಿರಿ ಎಂದರು. ಈ ಕಡೆಯವರು ಒಡಕು ಬಿಂದಿಗೆ ಎಂದು ಬರೆದೆವು, ಆ ಕಡೆಯವರು ಹೊಸ ಬಿಂದಿಗೆ ಎಂದು ಬರೆದರು. ಜಗಳವೇ ಆಯಿತು. ಯಾರೂ ಸುಳ್ಳು ಬರೆದಿಲ್ಲ, ಕೂತ ಜಾಗ ಬೇರೆ ಅಷ್ಟೇ ಎಂದು ಬಾಯಾರು ಹೇಳಿದರು. ಎದ್ದು ಆ ಕಡೆ ಹೋಗಿ ನೋಡಿ ಬಂದವನೇ ಶಾಣ್ಯಾ ಎಂದರು.

ನಾನಾಗ ಏಳನೆಯ ಇಯತ್ತೆ. ನಮ್ಮದು ಊರಿನ ದೊಡ್ಡ ಹೊಲದ ಮನೆ, ಗೌಡರ ಮನೆ. ಅಪ್ಪ ಶಾಲಾ ಸಮಿತಿಯ ಅಧ್ಯಕ್ಷ. ಆ ಚಳಿಗಾಲ ಗಂಗವ್ವ ಎಂಬ ಮುದುಕಿಯ ಎರಡು ಆಡುಗಳು ನಮ್ಮ ಜೋಳಕ್ಕೆ ಬಾಯಿ ಹಾಕಿದವು. ಅಪ್ಪ ಅವುಗಳನ್ನು ಹಿಡಿದು ತಂದು ನಮ್ಮ ಕೊಟ್ಟಿಗೆಯಲ್ಲಿ ಕಟ್ಟಿದರು. ಗಂಗವ್ವ ಎರಡು ದಿನ ನಮ್ಮ ಬಾಗಿಲಿಗೆ ಬಂದು ಕೂತು ಎದ್ದು ಹೋದಳು. ಅದೇ ವಾರ ಬಾಯಾರು, ನಿಮ್ಮ ಕಣ್ಣೆದುರು ನಡೆದ ಒಂದು ಸಂಗತಿಯನ್ನು ನಿಮ್ಮ ಎದುರಿನವರ ಕಡೆಯಿಂದ ಬರೆದು ತನ್ನಿ ಎಂದಿದ್ದರು. ಯಾವ ಸಂಗತಿ ಎಂದು ಹೇಳಿರಲಿಲ್ಲ. ನಮ್ಮ ಮನೆಯ ಆಡಿನ ವಿಷಯ ಅವರಿಗೆ ಗೊತ್ತೂ ಇರಲಿಲ್ಲ. ನಾನೇ ಗಂಗವ್ವನಾಗಿ ಬರೆದೆ. ಅದರ ಕೊನೆಯ ಸಾಲುಗಳು ಈಗಲೂ ನೆನಪಿವೆ: “ಬದು ಎಲ್ಲಿ ಮುಗಿಯುತ್ತದೆ ಎಂದು ನನ್ನ ಆಡಿಗೆ ಗೊತ್ತಿಲ್ಲ. ಗೌಡರಿಗೆ ಗೊತ್ತಿದೆ. ಎರಡು ದಿನ ಹಾಲಿಲ್ಲದೆ ಮಲಗಿದ ನನ್ನ ಮೊಮ್ಮಗನಿಗೂ ಈಗ ಗೊತ್ತಾಯಿತು.”

ಬಾಯಾರು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದರು. ಓದಿ ಮುಗಿಸಿ, ಇದನ್ನು ಬರೆಯುವಾಗ ಎಲ್ಲಿ ನಿಂತಿದ್ದೆ ಎಂದು ಕೇಳಿದರು. ಗಂಗವ್ವನ ಅಂಗಳದಲ್ಲಿ ಎಂದೆ. ವಹಿಯಲ್ಲಿ ಒಂದೇ ಮಾತು ಬರೆದುಕೊಟ್ಟರು, ಛಲೋ ಎಂದು. ಮನೆಯವರೆಗೆ ನಾನು ಓಡುತ್ತಲೇ ಬಂದೆ.

ಸಂಜೆಯೊಳಗೆ ಆ ಸಾಲುಗಳು ಊರೆಲ್ಲ ಆಗಿದ್ದವು. ಕಟ್ಟೆಯ ಮೇಲೆ ಯಾರೋ ಅಪ್ಪನ ಮುಂದೆಯೇ ಅವನ್ನು ಹೇಳಿ ನಕ್ಕರಂತೆ. ಅಪ್ಪ ಮನೆಗೆ ಬಂದವರೇ ನನ್ನ ವಹಿ ತರಿಸಿ ಓದಿದರು. ಅಪ್ಪ ಕೆಟ್ಟವರಲ್ಲ. ಅಕ್ಕಲಕೋಟೆಗೆ ಹೋದಾಗಲೆಲ್ಲ ನನಗೆ ಹೊಸ ಪೆನ್ನು ತರುತ್ತಿದ್ದವರು ಅವರೇ. ಆದರೆ ಆವತ್ತು ವಹಿಯನ್ನು ನನ್ನ ಮುಂದೆ ಒಗೆದರು.

“ಇದು ನಿನ್ನ ತಲಿಯಾಗಿಂದಲ್ಲ,” ಎಂದರು. “ಬಾಯಿ ಹೇಳಿ ಬರಿಸ್ಯಾಳ. ಹೌದೋ ಅಲ್ಲೋ?”

ಅವ್ವ ಅಡುಗೆಮನೆಯ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ನಿಂತಿದ್ದಳು. ಅಪ್ಪ ನನಗೆ ತಪ್ಪಿಸಿಕೊಳ್ಳಲು ದಾರಿ ತೆರೆದಿದ್ದರು. ನಾನು ಅದರಲ್ಲಿ ನುಸುಳಿದೆ. ಹೌದು ಎಂದೆ.

ಅಪ್ಪನ ಮುಖ ಸಡಿಲಾಯಿತು. ನನ್ನ ತಲೆಯ ಮೇಲೆ ಕೈ ಇಟ್ಟರು. ಆವತ್ತೇ ಕತ್ತಲಾಗುವ ಮೊದಲು ತಾವೇ ಹೋಗಿ ಆಡುಗಳನ್ನು ಬಿಟ್ಟುಬಂದರು. ನನ್ನ ಬರಹ ಆಡುಗಳನ್ನು ಬಿಡಿಸಿತು, ನನ್ನ ಒಂದು ಮಾತು ಬಾಯಾರಿಗೆ ನಮ್ಮ ಊರು ಬಿಡಿಸಿತು.

ಎಂಟು ದಿನದ ಮೇಲೆ ಬಾಯಾರ ವಿರುದ್ಧ ಅರ್ಜಿ ತಯಾರಾಯಿತು. ಅಕ್ಕಲಕೋಟೆಯ ಶಿಕ್ಷಣ ಇಲಾಖೆಯ ಸಾಹೇಬರಿಗೆ ಅದು ಮರಾಠಿಯಲ್ಲೇ ಹೋಗಬೇಕು. ಮನೆಯಲ್ಲಿ ಮರಾಠಿ ಶುದ್ಧ ಬರೆಯುವವಳು, ದುಂಡಗೆ ಬರೆಯುವವಳು ನಾನೊಬ್ಬಳೇ. ಅಪ್ಪ ಕನ್ನಡದಲ್ಲಿ ಹೇಳುತ್ತ ಹೋದರು. ಬಾಯಿ ಪಾಠ ಬಿಟ್ಟು ಊರ ಜಗಳ ಕಲಿಸುತ್ತಾರೆ, ಮಕ್ಕಳಿಂದ ಹಿರಿಯರ ಮೇಲೆ ಬರೆಸುತ್ತಾರೆ. ನಾನು ಮರಾಠಿ ಮಾಡುತ್ತ ಬರೆದೆ. ಅಪ್ಪ ಹೇಳಿದ್ದಷ್ಟೇ ಬರೆದಿದ್ದರೆ ಅದು ಬರೀ ಸಿಟ್ಟಿನ ಕಾಗದವಾಗಿ ಉಳಿಯುತ್ತಿತ್ತೋ ಏನೋ. ಓದುವವರಿಂದ ಏನು ಬೇಡುತ್ತಿದ್ದೇವೆ ಎಂಬುದು ಅದರಲ್ಲಿ ಎಲ್ಲೂ ಇರಲಿಲ್ಲ. ಹಾಗಾಗಿ ಕೊನೆಯ ಸಾಲನ್ನು ನಾನೇ ಸೇರಿಸಿದೆ, ಅವರನ್ನು ಕೂಡಲೇ ದೂರದ ಊರಿಗೆ ವರ್ಗ ಮಾಡಬೇಕು ಎಂದು. ಅಪ್ಪ ಓದಿಸಿ ಕೇಳಿ, ಶಾಣ್ಯಾಕಿ ಎಂದರು.

ಸಾಹೇಬರು ವಿಚಾರಣೆಗೆ ಬಂದ ದಿನ ಕಿಟಕಿಯಿಂದ ನೋಡಿದೆ. ಬಾಯಾರು ಅರ್ಜಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಓದಿದರು. ಮುಗಿಸಿ ಮತ್ತೆ ಮೊದಲಿನಿಂದ ಓದಿದರು. ಸಾಹೇಬರು ಏನೋ ಕೇಳಿದರು, ಬಾಯಾರು ಇಲ್ಲವೆಂಬಂತೆ ತಲೆಯಾಡಿಸಿದರು. ತಿಂಗಳೊಳಗೆ ಜಿಲ್ಲೆಯ ಇನ್ನೊಂದು ತುದಿಗೆ ಅವರ ವರ್ಗವಾಯಿತು. ಕೊನೆಯ ದಿನ ಅವರು ಏನು ಪಾಠ ಮಾಡಿದರೋ ನನಗೆ ತಿಳಿಯದು. ಹೊಟ್ಟೆನೋವು ಎಂದು ನಾನು ಮನೆಯಲ್ಲಿ ಮಲಗಿದ್ದೆ.

ಈಗ ನಾನೂ ಕಲಿಸುವವಳು. ಕುಂಭಾರಿಯ ಒಂದು ಮರಾಠಿ ಶಾಲೆಯಲ್ಲಿದ್ದೇನೆ. ಲೇಖಕನ ಉದ್ದೇಶವೇನು, ಅವನ ದೃಷ್ಟಿಕೋನವೇನು ಎಂಬ ಪ್ರಶ್ನೆಗಳು ಈಗ ಪುಸ್ತಕದಲ್ಲೇ ಇವೆ. ಕೆಳಗೆ ನಾಲ್ಕು ಉತ್ತರ, ಒಂದಕ್ಕೆ ಗುರುತು ಹಾಕಿದರೆ ಮುಗಿಯಿತು. ನಾನು ಅಷ್ಟಕ್ಕೆ ಬಿಡುವುದಿಲ್ಲ. ಮನೆಯ ಮೊಬೈಲಿಗೆ ಬಂದ ಸಂದೇಶಗಳನ್ನು ಬರೆದು ತರಲು ಹೇಳುತ್ತೇನೆ. ಇದನ್ನು ಹತ್ತು ಜನಕ್ಕೆ ಕಳಿಸಿ ಎಂದವನು ಏನು ಬೇಡುತ್ತಾನೆ ಎಂದು ಕೇಳುತ್ತೇನೆ. ಮಕ್ಕಳು ಎಷ್ಟು ಚೆನ್ನಾಗಿ ಹುಡುಕುತ್ತಾರೆಂದರೆ, ಹೋದ ವರ್ಷ ಸೊಲ್ಲಾಪುರದ ಒಂದು ತರಬೇತಿಯಲ್ಲಿ ನನ್ನನ್ನು ವೇದಿಕೆಗೆ ಕರೆದು ಈ ಪದ್ಧತಿಯನ್ನು ವಿವರಿಸಲು ಹೇಳಿದರು. ಎಲ್ಲಿ ಕಲಿತಿರಿ ಎಂದು ಯಾರೋ ಕೇಳಿದರು. ನನಗೇ ಹೊಳೆಯಿತು ಎಂದುಬಿಟ್ಟೆ. ಚಪ್ಪಾಳೆ ಬಿತ್ತು. ಊಟಕ್ಕೆ ನಿಲ್ಲದೆ ಎದ್ದುಬಂದೆ.

ಬಾಯಾರು ನವಿ ಪೇಠದ ಹಿಂದಿನ ಗಲ್ಲಿಯಲ್ಲಿದ್ದಾರೆಂದು ಹಳೆಯ ಗೆಳತಿಯೊಬ್ಬಳು ಹೇಳಿದ್ದಳು. ತರಬೇತಿಯ ಆ ಮಧ್ಯಾಹ್ನವೇ ಹುಡುಕಿಕೊಂಡು ಹೋದೆ. ಬಟ್ಟೆ ಅಂಗಡಿಯೊಂದರ ಮೇಲಿನ ಎರಡು ಕೋಣೆ. ಜೊತೆಯಲ್ಲಿ ತೀರಿಕೊಂಡ ಅಣ್ಣನ ಮಗಳು ರೇಣುಕಾ, ಬ್ಯಾಂಕಿನಲ್ಲಿ ಕೆಲಸ. ಬಾಯಾರೇ ಅವಳನ್ನು ಸಾಕಿ ಓದಿಸಿದ್ದರು. ನನ್ನ ಹೆಸರು ಕೇಳಿದ ಕೂಡಲೇ ಗುರುತು ಹಿಡಿದು, ಗೌಡರ ಮಗಳು ಬಂದಾಳ ಎಂದು ಒಳಗೆ ಕೂಗಿ ಚಹಾ ಹೇಳಿದರು. ಎಪ್ಪತ್ತು ದಾಟಿತ್ತು, ಕಣ್ಣು ಮಂದವಾಗಿತ್ತು, ಆದರೆ ಮಾತು ಮೊದಲಿಗಿಂತ ಹೆಚ್ಚಾಗಿತ್ತು. ವರ್ಗವಾದ ಊರಿನ ಮಕ್ಕಳ ಕಥೆ ಹೇಳಿದರು. ಹೋಗಲು ಬರಲು ದಿನಾ ಆರು ತಾಸು ಬಸ್ಸು, ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ.

“ಅವ್ವ ಹೋಗೂ ಹೊತ್ತಿಗೆ ನಾ ಬಸ್ಸಿನ್ಯಾಗ ಇದ್ದೆ,” ಎಂದರು. ದೂರಿನ ದನಿಯಲ್ಲ, ನಡೆದದ್ದನ್ನು ಹೇಳುವ ದನಿ.

ಆ ಅರ್ಜಿ ಬರೆದವಳು ನಾನೇ ಎಂದು ಆಗ ಹೇಳಿದೆ.

“ಅಕ್ಷರ ನೋಡಿದ ಕೂಡಲೇ ಗೊತ್ತಾತು,” ಎಂದರು. “ಹನ್ನೆರಡ ವರ್ಷದಾಕಿ ಅಪ್ಪನ ಮುಂದ ಏನ್ ಮಾಡ್ಯಾಳು. ಸಾಹೇಬ್ರು ಕೇಳಿದ್ರು, ಅಕ್ಷರ ಯಾರದಂತ. ಗೊತ್ತಿಲ್ಲಂದೆ. ನಿನ್ನ ಹೆಸರ ಹೇಳಿ ನಾ ಅಲ್ಲಿ ಉಳದು ಏನ್ ಕಲಸಲಿ?” ಚಹಾದ ಕಪ್ಪು ಕೆಳಗಿಟ್ಟು, “ಆದ್ರ ಒಂದ್ ಮಾತು ಇವತ್ತಿನ ತನಕ ತಿಳೀಲಿಲ್ಲ ನೋಡು. ನಾನೇ ಹೇಳಿ ಬರಿಸೀನಂತ ನಿಮ್ಮಪ್ಪಗ ಯಾರ ಹೇಳಿದ್ರೋ ಏನೋ. ನಾ ಒಂದ್ ಶಬ್ದ ಹೇಳಿದ್ದಿಲ್ಲ. ಅದು ನಿಂದೇ ಬರಹ, ಪೂರಾ ನಿಂದೇ.”

ಅವರು ನನ್ನನ್ನೇ ನೋಡುತ್ತಿದ್ದರು. ಅನುಮಾನದ ನೋಟವಲ್ಲ, ನನ್ನ ಆ ಹಳೆಯ ಬರಹದ ಬಗ್ಗೆ ಇನ್ನೂ ಹೆಮ್ಮೆಯಿದ್ದ ನೋಟ. ಆ ಹೆಮ್ಮೆಯನ್ನು ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಊರಾಗಿನವರು ಯಾರೋ ಹೇಳಿರಬೇಕ್ರಿ ಎಂದೆ. ಇರಬಹುದು ಎಂದರು. ಮತ್ತೆ ಬರುತ್ತೇನೆ ಎಂದು ಎದ್ದೆ.

ಕುಂಭಾರಿಯಿಂದ ಸೊಲ್ಲಾಪುರ ಎಷ್ಟು ದೂರ? ಆದರೂ ನಾಲ್ಕು ತಿಂಗಳು ಹೋಗಲಿಲ್ಲ. ಪರೀಕ್ಷೆ ಬಂತು, ಮಗಳಿಗೆ ಜ್ವರ ಬಂತು, ಬೇಸಿಗೆ ಬಂತು. ಕೊನೆಗೊಂದು ಭಾನುವಾರ, ಇವತ್ತು ಹೇಳಿಯೇ ತೀರುತ್ತೇನೆ ಎಂದು ಮೆಟ್ಟಿಲು ಹತ್ತಿದೆ. ರೇಣುಕಾ ಬಾಗಿಲು ತೆರೆದಳು. ಬಾಯಾರು ತೀರಿಹೋಗಿ ಹದಿನೆಂಟು ದಿನವಾಗಿತ್ತು.

ಒಳಗೆ ಕೂರಿಸಿ ಚಹಾ ತಂದಳು. ಗೋಡೆಗೆ ಹಚ್ಚಿ ಬಾಯಾರ ಕನ್ನಡ ಪುಸ್ತಕಗಳನ್ನು ನಾಲ್ಕು ಗಂಟು ಕಟ್ಟಿಟ್ಟಿದ್ದಳು. “ನಾ ಮರಾಠಿ ಸಾಲಿ ಕಲ್ತಾಕಿ, ಕನ್ನಡ ವಾಚಾಕ ಬರೂದಿಲ್ರಿ,” ಎಂದಳು. “ನೀವರ ಒಯ್ರಿ. ಅತ್ತಿ ನಿಮ್ಮ ಹೆಸರ ಭಾಳ ತಗೀತಿದ್ರು.”

ಆ ಮಾತಿನ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಬಾಯಾರಿಗೆ ಹೇಳಬೇಕೆಂದು ಬಂದದ್ದನ್ನು ಅವಳಿಗೆ ಹೇಳಿದೆ. ಆಡು, ವಹಿ, ಅಪ್ಪ ಕೇಳಿದ ಪ್ರಶ್ನೆ, ನಾನು ಹೌದು ಅಂದದ್ದು, ಅರ್ಜಿಗೆ ನಾನೇ ಸೇರಿಸಿದ ಕೊನೆಯ ಸಾಲು, ಎಲ್ಲ.

“ಅಜ್ಜಿ ಹೋದಾಗ ಮನ್ಯಾಗ ನಾ ಒಬ್ಬಾಕೀನೇ ಇದ್ದೆ,” ಎಂದಳು ಕೊನೆಗೆ. “ಒಂಬತ್ ವರ್ಷದಾಕಿ. ನೀರ ಬೇಡಿದ್ಲು. ತಂದ್ ಹಾಕೂದ್ರಾಗ ಹೋಗಿದ್ಲು. ಅತ್ತಿ ಬರೂತನಕ ಬಾಜೂಕ ಕುಂತಿದ್ದೆ.” ಕಪ್ಪನ್ನು ಎತ್ತಿಕೊಂಡು ನಿಂತಳು. “ಅತ್ತಿ ಇದ್ದಿದ್ರ ನಿಮಗ ಏನಂತಿದ್ರೋ, ನನಗ ಗೊತ್ತಿಲ್ರಿ. ನಾ ಏನೂ ಅನ್ನಂಗಿಲ್ಲ.”

ಅವಳು ಒಳಗೆ ಹೋಗಿ ಕಪ್ಪು ತೊಳೆಯತೊಡಗಿದಳು. ಒಂದೇ ಕಪ್ಪಿಗೆ ಬಹಳ ಹೊತ್ತು ನೀರು ಬಿಟ್ಟುಕೊಂಡಿದ್ದಳು. ನಾನು ಎದ್ದು ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು, ಬರ್ತೀನ್ರಿ ಎಂದೆ. ಹೂಂ ಎಂದಳು, ತಿರುಗಲಿಲ್ಲ. ಪುಸ್ತಕದ ಗಂಟುಗಳು ಗೋಡೆಯ ಬದಿಗೇ ಇದ್ದವು. ಒಯ್ಯಿರಿ ಎಂದು ಅವಳು ಮತ್ತೆ ಹೇಳಲಿಲ್ಲ, ನಾನೂ ಕೇಳಲಿಲ್ಲ.