ಹದಿನಾಲ್ಕು ಮೈಲಿ ಮೌನ

ವರ್ನಾ ಕಾಡಿಲ್‌ಳ ಅಡುಗೆಮನೆಯಲ್ಲಿ, ಪೊಲೀಸರ ಮಾತು ಕೇಳಿಸುವ ರೇಡಿಯೊ ದಿನವಿಡೀ ಗೊಣಗುತ್ತಿತ್ತು. ಪೂರ್ವ ಕೆಂಟಕಿಯ ಆ ಕಣಿವೆಯಲ್ಲಿ ಅದೇನೂ ವಿಶೇಷವಲ್ಲ. ಯಾರ ಹಸು ರಸ್ತೆಗೆ ಬಂತು, ಯಾರ ಮನೆಗೆ ಆಂಬುಲೆನ್ಸ್ ಹೋಯಿತು, ಎಲ್ಲವೂ ಎಲ್ಲರಿಗೂ ಒಲೆಯ ಪಕ್ಕದಲ್ಲೇ ತಿಳಿಯುತ್ತಿತ್ತು. ವರ್ನಾಳಿಗೆ ಬೇಕಿದ್ದದ್ದು ಒಂದೇ ದನಿ, ಪೊಲೀಸ್ ಕೆಲಸದಲ್ಲಿದ್ದ ಮಗಳು ಟ್ರೆಸ್ಸಾಳದು. ಗಂಡ ಗಣಿಗೆ ಇಳಿಯುತ್ತಿದ್ದ ಇಪ್ಪತ್ತೆರಡು ವರ್ಷವೂ ಅವಳು ಯಾವ ದನಿಯೂ ಇಲ್ಲದೆ ಕಾದಿದ್ದಳು. ಒಂದು ಮಧ್ಯಾಹ್ನ ಅವನು ಮೇಲೆ ಬರಲೇ ಇಲ್ಲ.

ಅಂಥ ರೇಡಿಯೊವನ್ನು ಮನೆಯಲ್ಲಿ ಕೇಳಿದರೆ ತಪ್ಪಿಲ್ಲ, ಗಾಡಿಯಲ್ಲಿಟ್ಟುಕೊಂಡರೆ ಅಪರಾಧ. ಈ ಕಾನೂನು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ, ಗಂಡಹೆಂಡಿರ ಜಗಳವೊಂದಕ್ಕೆ ಹೋಗುತ್ತಿದ್ದೇನೆ ಎಂದ ಟ್ರೆಸ್ಸಾ ಮತ್ತೆ ಮಾತಾಡಲಿಲ್ಲ. ಇಪ್ಪತ್ತು ನಿಮಿಷ. ನಲವತ್ತು. ಪೊಲೀಸ್ ಕಚೇರಿಯವರು ರೇಡಿಯೊದಲ್ಲಿ ಅವಳನ್ನು ಎರಡು ಸಲ ಕೂಗಿದರು. ಒಲೆಯ ಮೇಲೆ ಬೀನ್ಸ್ ತಳ ಹಿಡಿಯಿತು. ವರ್ನಾಳ ಕಾರು ರಿಪೇರಿಗೆ ಹೋಗಿತ್ತು. ಅವಳು ಒಲೆ ಆರಿಸಿ, ಅಂಥದೇ ಇನ್ನೊಂದು ಚಿಕ್ಕ ಕೈರೇಡಿಯೊ ಎತ್ತಿಕೊಂಡು ತಮ್ಮನ ಪಿಕಪ್ ಹತ್ತಿದಳು. ಅದನ್ನು ಸೀಟಿನ ಮೇಲಿಟ್ಟು ಟವೆಲ್ ಮುಚ್ಚಿ, ಗುಡ್ಡದ ದಾರಿಯಲ್ಲಿ ಓಡಿಸಿದಳು.

ಒಂದು ತಿರುವಿನಲ್ಲಿ ಟವೆಲಿನೊಳಗೆ ರೇಡಿಯೊ ಕೆಮ್ಮಿತು. "ಹಸಿರು ಪಿಕಪ್, ವಿಪರೀತ ಸ್ಪೀಡು. ನಿಲ್ಲಿಸ್ತಿದೀನಿ."

ಟ್ರೆಸ್ಸಾಳ ದನಿ! ವರ್ನಾ ಗಟ್ಟಿಯಾಗಿ ನಕ್ಕುಬಿಟ್ಟಳು. ಆಮೇಲಷ್ಟೇ ಕನ್ನಡಿಯಲ್ಲಿ ನೀಲಿ ದೀಪ ಕಂಡಿತು.

"ಅಮ್ಮಾ? ಮಾವನ ಗಾಡೀಲಿ ಎಲ್ಲಿಗೆ ಹೊರಟೆ?"

ಅಷ್ಟರಲ್ಲಿ ಕಚೇರಿಯವರು ಏನೋ ಕೇಳಿದರು. ಆ ದನಿ ಟ್ರೆಸ್ಸಾಳ ಭುಜದ ಮೇಲಿನ ರೇಡಿಯೊದಿಂದಲೂ ಟವೆಲಿನೊಳಗಿಂದಲೂ ಒಟ್ಟಿಗೇ ಬಂತು.

"ಟವೆಲ್ ತೆಗಿ."

"ನಲವತ್ತು ನಿಮಿಷ ನಿನ್ನ ಸುದ್ದೀನೇ ಇಲ್ಲ!"

"ಆ ಮನೆ ಇರೋ ಗುಡ್ಡದ ಸಂದೀಲಿ ಸಿಗ್ನಲ್ ಸಿಗಲ್ಲ ಅಂತ ನಿಂಗೊತ್ತಿಲ್ವಾ? ಗಂಡ ಹೆಂಡ್ತಿ ರಾಜಿಯಾಗಿ ನಂಗೇ ಕಾಫಿ ಕೊಟ್ರು. ಇದನ್ನ ಬೇರೆಯವ್ರು ಹಿಡಿದಿದ್ರೆ ನನ್ನ ಕೆಲಸದ ಗತಿ ಏನು?"

"ಬೇರೆಯವ್ರು ಹಿಡೀಲಿಲ್ವಲ್ಲ, ನೀನೇ ಹಿಡಿದೆ."

"ಅದಕ್ಕೇ ಬರೀಲೇಬೇಕು. ಕೊಡು ಇಲ್ಲಿ."

ಮಗಳು ಕೇಸು ಬರೆದಳು. ಪೆನ್ನು ಎರಡು ಸಲ ನಿಂತಿತು. ವರ್ನಾ ರೇಡಿಯೊ ಕೊಟ್ಟು ಮನೆಯತ್ತ ತಿರುಗಿ ಹೊರಟಳು. ಹದಿನಾಲ್ಕು ಮೈಲಿ ಎಂಜಿನ್ನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಪ್ರತಿ ತಿರುವಿನಲ್ಲೂ ಕೈ ತಾನಾಗಿ ಟವೆಲಿನತ್ತ ಹೋಗುತ್ತಿತ್ತು.

ಮನೆ ಸೇರಿ, ಕೋಟು ಬಿಚ್ಚದೆ ಅಡುಗೆಮನೆಯ ರೇಡಿಯೊ ಮುಂದೆ ನಿಂತಳು. ಬಹಳ ಹೊತ್ತಿನ ಮೇಲೆ ಟ್ರೆಸ್ಸಾಳ ದನಿ ಬಂತು. "ಮೇನ್ ರೋಡಿಗೆ ಬಂದೆ. ಚೆನ್ನಾಗಿದೀನಿ."

"ಏನಂದ್ರಿ?" ಎಂದರು ಕಚೇರಿಯವರು.

"ಏನಿಲ್ಲ, ಬಿಡಿ."

ವರ್ನಾ ಕೋಟಿನ ಒಂದು ತೋಳು ಬಿಚ್ಚಿದಳು. ಇನ್ನೊಂದನ್ನು ಹಾಗೇ ಬಿಟ್ಟು, ತಳ ಹಿಡಿದ ಪಾತ್ರೆ ಉಜ್ಜತೊಡಗಿದಳು.